ಪ್ರಾಂತಕ್ಕೆ ಇಷ್ಟು ಶತ್ರುಗಳು: 1937–38ರ ಸೋವಿಯತ್ ಶುದ್ಧೀಕರಣ ನಡೆದ ಬಗೆ

ಸ್ಟಾಲಿನ್ ಕಾಲದ ಶುದ್ಧೀಕರಣ ಎಂದೊಡನೆ ಹೆಚ್ಚಿನವರ ನೆನಪಿಗೆ ಬರುವುದು ಮಾಸ್ಕೋದ ನ್ಯಾಯಾಲಯದಲ್ಲಿ ನಿಂತು, ತಾವು ಮಾಡದ ಅಪರಾಧಗಳನ್ನೆಲ್ಲ ಒಪ್ಪಿಕೊಳ್ಳುತ್ತಿದ್ದ ಹಳೆಯ ಕ್ರಾಂತಿಕಾರಿಗಳು. 1936ರ ಆಗಸ್ಟ್, 1937ರ ಜನವರಿ ಮತ್ತು 1938ರ ಮಾರ್ಚ್ ತಿಂಗಳುಗಳಲ್ಲಿ ನಡೆದ ಆ ಮೂರು ಬಹಿರಂಗ ವಿಚಾರಣೆಗಳಲ್ಲಿ ಕಟಕಟೆ ಹತ್ತಿದವರು ಒಟ್ಟು 54 ಮಂದಿ. ಆದರೆ ಸೋವಿಯತ್ ಭದ್ರತಾ ಇಲಾಖೆಯೇ ಮುಂದೆ ತಯಾರಿಸಿದ ಲೆಕ್ಕದ ಪ್ರಕಾರ, 1937 ಮತ್ತು 1938 ಎಂಬ ಎರಡೇ ವರ್ಷಗಳಲ್ಲಿ ರಾಜಕೀಯ ಆರೋಪಗಳ ಮೇಲೆ ಮರಣದಂಡನೆಗೆ ಗುರಿಯಾದವರು 6,81,692 ಮಂದಿ. ಇವರಲ್ಲಿ ಬಹುಪಾಲು ಜನರಿಗೆ ಪಕ್ಷದ ಒಳಜಗಳದ ಗಂಧಗಾಳಿಯೂ ಇರಲಿಲ್ಲ. ಅವರು ಹಳ್ಳಿಯ ರೈತರು, ಕಾರ್ಖಾನೆಯ ಕೂಲಿಗಳು, ಪಾದ್ರಿಗಳು, ಝಾರ್ ಕಾಲದಲ್ಲಿ ಸಣ್ಣಪುಟ್ಟ ಸರ್ಕಾರಿ ಕೆಲಸದಲ್ಲಿದ್ದವರು, ಗಡಿಯಾಚೆಯ ಯಾವುದೋ ದೇಶದ ಹೆಸರು ಹೊತ್ತ ಮನೆತನದವರು. ನಾಯಕರ ಕಥೆಯನ್ನಷ್ಟೇ ಓದಿದರೆ ಈ ಜನ ಹೇಗೆ ಸತ್ತರು ಎಂಬುದು ಅರ್ಥವಾಗುವುದಿಲ್ಲ. ಅದನ್ನು ಅರಿಯಬೇಕಾದರೆ ಒಂದು ಸರ್ಕಾರಿ ಆದೇಶವನ್ನು ಎದುರಿಗಿಟ್ಟುಕೊಂಡು ಓದಬೇಕು.

ಆ ಆದೇಶಕ್ಕೆ ಬರುವ ಮೊದಲು, ಶುದ್ಧೀಕರಣ ಮೊದಲಿಗೆ ಏನಾಗಿತ್ತು ಎಂಬುದನ್ನು ಸ್ವಲ್ಪ ನೋಡೋಣ. ಬೊಲ್ಷೆವಿಕ್, ಅಂದರೆ ಕಮ್ಯುನಿಸ್ಟ್, ಪಕ್ಷದಲ್ಲಿ ಅದು ಗುಟ್ಟಿನ ಕೆಲಸವಾಗಿರಲಿಲ್ಲ. ಅಧಿಕಾರಕ್ಕೆ ಬಂದ ಪಕ್ಷಕ್ಕೆ ಅವಕಾಶವಾದಿಗಳು ಬಂದು ಸೇರುತ್ತಾರೆ ಎಂಬ ಆತಂಕದಿಂದ 1921ರಲ್ಲಿ ಲೆನಿನ್ ಇದ್ದಾಗಲೇ ದೊಡ್ಡ ಪ್ರಮಾಣದ ಶುದ್ಧೀಕರಣ ನಡೆದಿತ್ತು. ಸದಸ್ಯನೊಬ್ಬನನ್ನು ಸಭೆಯ ಮುಂದೆ ನಿಲ್ಲಿಸಿ, ಅವನ ಹುಟ್ಟು, ದುಡಿಮೆ, ಅಂತರ್ಯುದ್ಧದ ಕಾಲದ ನಡತೆ, ಕುಡಿತದ ಚಟ ಎಲ್ಲವನ್ನೂ ಕೇಳಿ, ಒಪ್ಪಿಗೆಯಾಗದಿದ್ದರೆ ಪಕ್ಷದ ಕಾರ್ಡ್ ಕಿತ್ತುಕೊಳ್ಳುತ್ತಿದ್ದರು. ಹಾಗೆ ಹೊರಬಿದ್ದವನಿಗೆ ಕೆಲಸ ಹೋಗಬಹುದಿತ್ತು, ಮರ್ಯಾದೆ ಹೋಗಬಹುದಿತ್ತು, ಸಾಮಾನ್ಯವಾಗಿ ಪ್ರಾಣ ಹೋಗುತ್ತಿರಲಿಲ್ಲ. ಕಾರ್ಡ್ ಕಳೆದುಕೊಳ್ಳುವುದಕ್ಕೂ ಪ್ರಾಣ ಕಳೆದುಕೊಳ್ಳುವುದಕ್ಕೂ ನಡುವೆ ಇದ್ದ ಗೋಡೆ ಕುಸಿದದ್ದು 1934ರ ಕೊನೆಯಲ್ಲಿ.

1934ರ ಡಿಸೆಂಬರ್ 1ರಂದು ಲೆನಿನ್‌ಗ್ರಾದ್ ಪಕ್ಷದ ಮುಖ್ಯಸ್ಥ ಸೆರ್ಗೆಯ್ ಕಿರೋವ್ ಅವರನ್ನು ಸ್ಮೋಲ್ನಿ ಕಟ್ಟಡದ ಪಡಸಾಲೆಯಲ್ಲಿ ಲಿಯೊನಿದ್ ನಿಕೊಲಾಯೆವ್ ಎಂಬಾತ ಗುಂಡಿಕ್ಕಿ ಕೊಂದ. ಕೊಲೆಯ ಹಿಂದೆ ಸ್ಟಾಲಿನ್ ಅವರೇ ಇದ್ದರೇ ಎಂಬ ವಾದ ದಶಕಗಳಿಂದ ನಡೆದಿದೆ, ಅದನ್ನು ಖಚಿತವಾಗಿ ಸಾಧಿಸುವ ದಾಖಲೆ ಇದುವರೆಗೆ ಹೊರಬಂದಿಲ್ಲ. ನನಗನ್ನಿಸುವಂತೆ ಆ ಪತ್ತೇದಾರಿಗಿಂತ ಮುಖ್ಯವಾದದ್ದು ಅದೇ ದಿನದ ತಾರೀಖು ಹೊತ್ತು ಹೊರಬಿದ್ದ ಕಾನೂನು. ಭಯೋತ್ಪಾದನೆಯ ಪ್ರಕರಣಗಳ ತನಿಖೆ ಹತ್ತು ದಿನದೊಳಗೆ ಮುಗಿಯಬೇಕು, ಆರೋಪಪಟ್ಟಿಯನ್ನು ವಿಚಾರಣೆಗೆ ಒಂದು ದಿನ ಮೊದಲು ಮಾತ್ರ ಆರೋಪಿಯ ಕೈಗೆ ಕೊಡಬೇಕು, ವಿಚಾರಣೆಯಲ್ಲಿ ವಕೀಲರಿರಕೂಡದು, ಮೇಲ್ಮನವಿಗೂ ಕ್ಷಮಾದಾನದ ಅರ್ಜಿಗೂ ಅವಕಾಶವಿಲ್ಲ, ಮರಣದಂಡನೆಯನ್ನು ತೀರ್ಪಿನ ಬೆನ್ನಿಗೇ ಜಾರಿಗೊಳಿಸಬೇಕು. ಮುಂದಿನ ನಾಲ್ಕು ವರ್ಷಗಳ ಹಿಂಸೆಗೆ ಬೇಕಾದ ಸಲಕರಣೆಯ ಒಂದು ಭಾಗ ಅಲ್ಲಿಗೆ ಸಿದ್ಧವಾಯಿತು.

ಇನ್ನೊಂದು ಭಾಗವನ್ನು ಒದಗಿಸಿದ್ದು ಬಹಿರಂಗ ವಿಚಾರಣೆಗಳು. ಝಿನೊವ್ಯೆವ್, ಕಾಮೆನೆವ್, ಪ್ಯಾತಕೋವ್, ಬುಖಾರಿನ್ ಮೊದಲಾದವರು ಲೆನಿನ್ ಜೊತೆಗೆ ದುಡಿದವರು. ಅವರ ಮೇಲಿನ ಆರೋಪಗಳಿಗೆ ಆಧಾರವಾಗಿದ್ದದ್ದು ಅವರದೇ ತಪ್ಪೊಪ್ಪಿಗೆ, ಅದನ್ನು ಬಿಟ್ಟರೆ ಸಹ ಆರೋಪಿಗಳ ತಪ್ಪೊಪ್ಪಿಗೆ. ಈ ಕಟ್ಟುಕಥೆ ಎಷ್ಟು ಅವಸರದ್ದಾಗಿತ್ತು ಎಂಬುದಕ್ಕೆ ಎರಡು ಪ್ರಸಂಗಗಳಿವೆ. 1936ರ ವಿಚಾರಣೆಯಲ್ಲಿ ಹೋಲ್ಟ್ಸ್‌ಮನ್ ಎಂಬ ಆರೋಪಿ, ತಾನು 1932ರಲ್ಲಿ ಕೋಪನ್‌ಹೇಗನ್‌ನ ಬ್ರಿಸ್ಟಲ್ ಹೋಟೆಲಿನಲ್ಲಿ, ಸ್ಟಾಲಿನ್ ವಿರೋಧಿಯಾಗಿ ದೇಶದಿಂದ ಹೊರಹಾಕಲ್ಪಟ್ಟಿದ್ದ ನಾಯಕ ಟ್ರಾಟ್ಸ್‌ಕಿಯ ಮಗನನ್ನು ಕಂಡೆ ಎಂದು ಹೇಳಿಕೆ ಕೊಟ್ಟ. ಆ ಹೋಟೆಲನ್ನು 1917ರಲ್ಲೇ ಕೆಡವಲಾಗಿತ್ತು ಎಂದು ಡೆನ್ಮಾರ್ಕಿನ ಪತ್ರಿಕೆ ಬರೆಯುವ ಹೊತ್ತಿಗೆ ಆತನನ್ನು ಗುಂಡಿಕ್ಕಿ ಕೊಂದು ಕೆಲವು ದಿನಗಳಾಗಿದ್ದವು. ಮುಂದಿನ ಜನವರಿಯಲ್ಲಿ ಪ್ಯಾತಕೋವ್, ತಾನು 1935ರ ಡಿಸೆಂಬರಿನಲ್ಲಿ ಬರ್ಲಿನ್‌ನಿಂದ ವಿಮಾನವೇರಿ ಓಸ್ಲೊ ಬಳಿಯ ನಿಲ್ದಾಣದಲ್ಲಿಳಿದು ಟ್ರಾಟ್ಸ್‌ಕಿಯನ್ನು ಭೇಟಿಯಾದೆ ಎಂದರು. ಆ ತಿಂಗಳು ಅಲ್ಲಿಗೆ ವಿದೇಶದ ಯಾವ ವಿಮಾನವೂ ಬಂದಿರಲಿಲ್ಲ ಎಂದು ನಾರ್ವೆಯ ಪತ್ರಿಕೆಗಳು ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ ಪ್ರಕಟಿಸಿದವು. ಇದರಿಂದ ತೀರ್ಪು ಒಂದಿಷ್ಟೂ ಕದಲಲಿಲ್ಲ. ಬುಖಾರಿನ್ ಮಾತ್ರ ಚಾಣಾಕ್ಷತನದಿಂದ, ಪಿತೂರಿಗಾರರ ಕೂಟದ ಒಟ್ಟು ಹೊಣೆಯನ್ನು ಹೊತ್ತುಕೊಂಡರೂ ಲೆನಿನ್ ಹತ್ಯೆಗೆ ಸಂಚು ಹೂಡಿದ್ದು, ಗೂಢಚಾರಿಕೆ ಮಾಡಿದ್ದು ಮುಂತಾದ ಬಿಡಿ ಬಿಡಿ ಆರೋಪಗಳನ್ನು ನಿರಾಕರಿಸುತ್ತ ಹೋದರು. 1938ರ ಮಾರ್ಚ್ 15ರಂದು ಅವರನ್ನೂ ಕೊಲ್ಲಲಾಯಿತು. ಅದೇ ವಿಚಾರಣೆಯಲ್ಲಿ ಶಿಕ್ಷೆಯಾದವರಲ್ಲಿ ಗೆನ್ರಿಖ್ ಯಾಗೊದಾ ಇದ್ದರು. 1936ರ ವಿಚಾರಣೆಯನ್ನು ಸಜ್ಜುಗೊಳಿಸಿದ ಎನ್‌ಕೆವಿಡಿಯ, ಅಂದರೆ ಗೃಹ ಇಲಾಖೆಯ, ಮುಖ್ಯಸ್ಥರೇ ಅವರು.

ಈ ವಿಚಾರಣೆಗಳು ದೇಶದ ಮುಂದೆ ಒಂದು ಮಾತನ್ನು ಸ್ಥಾಪಿಸಿದವು: ಶತ್ರು ಬೇರೆಲ್ಲೋ ಇಲ್ಲ, ಪಕ್ಷದ ಕಾರ್ಡನ್ನೇ ಜೇಬಿನಲ್ಲಿಟ್ಟುಕೊಂಡು ಪಕ್ಕದ ಮೇಜಿನಲ್ಲಿ ಕುಳಿತಿದ್ದಾನೆ. ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ, ಗಣಿ ಕುಸಿದರೆ ಅದು ವಿಧ್ವಂಸಕ ಕೃತ್ಯವಾಯಿತು. ಆದರೆ 1937ರ ಮಧ್ಯದವರೆಗೆ ಈ ಬೆಂಕಿ ಮುಖ್ಯವಾಗಿ ಅಧಿಕಾರಿಗಳ, ಎಂಜಿನಿಯರುಗಳ, ಸೇನಾನಿಗಳ ವಲಯದಲ್ಲೇ ಉರಿಯುತ್ತಿತ್ತು. ಜೂನ್ ತಿಂಗಳಲ್ಲಿ ಮಾರ್ಷಲ್ ತುಖಾಚೆವ್‌ಸ್ಕಿ ಹಾಗೂ ಇತರ ಏಳು ಸೇನಾಪತಿಗಳನ್ನು ಒಂದೇ ದಿನದ ಗುಪ್ತ ವಿಚಾರಣೆಯ ನಂತರ ಕೊಲ್ಲಲಾಯಿತು. ಅಲ್ಲಿಂದ ಮೂರು ವಾರ ಕಳೆಯುವಷ್ಟರಲ್ಲಿ ಶುದ್ಧೀಕರಣದ ಸ್ವರೂಪವೇ ಬದಲಾಯಿತು.

1937ರ ಜುಲೈ 2ರಂದು ಪಕ್ಷದ ಅತ್ಯುನ್ನತ ಮಂಡಳಿಯಾದ ಪಾಲಿಟ್‌ಬ್ಯೂರೊ ಒಂದು ನಿರ್ಣಯ ಕೈಗೊಂಡಿತು. ಗಡೀಪಾರಾಗಿದ್ದ ಕುಲಾಕರೂ ಅಪರಾಧಿಗಳೂ ಶಿಕ್ಷೆಯ ಅವಧಿ ಮುಗಿಸಿ ತಮ್ಮ ಊರುಗಳಿಗೆ ಮರಳಿದ್ದಾರೆ, ಸೋವಿಯತ್ ವಿರೋಧಿ ಕೆಲಸಗಳಿಗೆ ಅವರೇ ಮುಖ್ಯ ಪ್ರೇರಕರು. ಆದ್ದರಿಂದ ಪ್ರತಿಯೊಂದು ಪ್ರಾಂತವೂ ಅವರ ಲೆಕ್ಕ ತೆಗೆದು, ಕೊಲ್ಲಬೇಕಾದವರೆಷ್ಟು, ಗಡೀಪಾರು ಮಾಡಬೇಕಾದವರೆಷ್ಟು ಎಂಬ ಸಂಖ್ಯೆಯನ್ನು ಐದು ದಿನದೊಳಗೆ ಕೇಂದ್ರ ಸಮಿತಿಗೆ ಕಳಿಸಬೇಕು ಎಂಬುದು ಅದರ ಸಾರ. ಕುಲಾಕ್ ಎಂದರೆ ಸಿರಿವಂತ ರೈತ ಎಂದು ವಾಡಿಕೆಯಲ್ಲಿ ಹೇಳುತ್ತೇವೆ. ಕಾರ್ಯತಃ ಸಾಮೂಹಿಕ ಬೇಸಾಯಕ್ಕೆ ಒಪ್ಪದವರಿಗೆಲ್ಲ ಆ ಹಣೆಪಟ್ಟಿ ಅಂಟಿತ್ತು. 1930–31ರ ಎರಡೇ ವರ್ಷಗಳಲ್ಲಿ ಸುಮಾರು 18 ಲಕ್ಷ ಜನರನ್ನು ಮನೆಮಠ ಬಿಡಿಸಿ ಸೈಬೀರಿಯ, ಉರಾಲ್, ಕಝಾಕ್‌ಸ್ತಾನಗಳ ಕಡೆಗೆ ಅಟ್ಟಲಾಗಿತ್ತು. ಅವರ ಹೆಸರು, ಕುಲ, ನೆಲೆ ಎಲ್ಲವೂ ಪೊಲೀಸರ ಕಾರ್ಡುಗಳಲ್ಲಿ ದಾಖಲಾಗಿದ್ದವು. ಹೀಗಾಗಿ ಐದು ದಿನಗಳಲ್ಲಿ ಸಂಖ್ಯೆ ಕೊಡಿ ಎಂದಾಗ ಪ್ರಾಂತಗಳಿಗೆ ಅದು ಅಸಾಧ್ಯದ ಬೇಡಿಕೆಯಾಗಿ ಕಾಣಲಿಲ್ಲ. ಆಗ ಮಾಸ್ಕೋ ಪಕ್ಷದ ಮುಖ್ಯಸ್ಥರಾಗಿದ್ದ ನಿಕಿತಾ ಕ್ರುಶ್ಚೇವ್ ಜುಲೈ 10ರಂದು ಕಳಿಸಿದ ವರದಿಯಲ್ಲಿ 41,305 ಮಂದಿಯ ಲೆಕ್ಕವಿತ್ತು. ಅವರ ಪೈಕಿ 8,500 ಮಂದಿ ಕೊಲ್ಲಬೇಕಾದವರ ವರ್ಗದಲ್ಲಿದ್ದರು.

ಈ ಲೆಕ್ಕಗಳನ್ನೆಲ್ಲ ಕಲೆಹಾಕಿ, ಕೆಲವನ್ನು ತಗ್ಗಿಸಿ, ಕೆಲವನ್ನು ಸರಿದೂಗಿಸಿ ತಯಾರಿಸಿದ್ದೇ ಎನ್‌ಕೆವಿಡಿಯ 00447ನೇ ಆದೇಶ. ಯಾಗೊದಾ ನಂತರ ಆ ಇಲಾಖೆಯ ಮುಖ್ಯಸ್ಥರಾಗಿದ್ದ ನಿಕೊಲಾಯ್ ಯೆಝೋವ್ ಅದಕ್ಕೆ ಸಹಿ ಹಾಕಿದ್ದು ಜುಲೈ 30ರಂದು, ಪಾಲಿಟ್‌ಬ್ಯೂರೊ ಒಪ್ಪಿಗೆ ಕೊಟ್ಟದ್ದು ಮರುದಿನ. ಅದನ್ನು ಓದುತ್ತಿದ್ದರೆ ಬಜೆಟ್ ಕಾಗದ ಓದುತ್ತಿದ್ದೇವೇನೋ ಅನ್ನಿಸುತ್ತದೆ. ಮೊದಲನೆಯ ವರ್ಗದವರನ್ನು ಕೊಲ್ಲಬೇಕು, ಎರಡನೆಯ ವರ್ಗದವರನ್ನು ಎಂಟರಿಂದ ಹತ್ತು ವರ್ಷ ಶಿಬಿರಕ್ಕೋ ಸೆರೆಮನೆಗೋ ಕಳಿಸಬೇಕು. ಅನಂತರ ಪ್ರಾಂತವಾರು ಕೋಷ್ಟಕ: ಮಾಸ್ಕೋ ಪ್ರಾಂತಕ್ಕೆ 5,000 ಮತ್ತು 30,000, ಲೆನಿನ್‌ಗ್ರಾದ್‌ಗೆ 4,000 ಮತ್ತು 10,000, ಓಮ್ಸ್ಕ್‌ಗೆ 1,000 ಮತ್ತು 2,500. ಒಟ್ಟು ಮಿತಿ 2,68,950; ಇದರಲ್ಲಿ ಮೊದಲನೆಯ ವರ್ಗ 75,950. ಕಾರ್ಯಾಚರಣೆಯ ಖರ್ಚಿಗೆ ಸರ್ಕಾರದ ಮೀಸಲು ನಿಧಿಯಿಂದ 7.5 ಕೋಟಿ ರೂಬಲ್, ಅದರಲ್ಲಿ 2.5 ಕೋಟಿ ರೈಲು ಸಾಗಣೆಗೆ. ಬಹುತೇಕ ಪ್ರಾಂತಗಳಲ್ಲಿ ಆಗಸ್ಟ್ 5ಕ್ಕೆ ಆರಂಭಿಸಿ ನಾಲ್ಕು ತಿಂಗಳಲ್ಲಿ ಮುಗಿಸಬೇಕು ಎಂಬ ಗಡುವೂ ಇತ್ತು.

ತೀರ್ಪು ಕೊಡುವ ಕೆಲಸ ತ್ರೋಯ್ಕಾ ಎಂಬ ಮೂವರ ಮಂಡಳಿಯದು. ಪ್ರಾಂತದ ಎನ್‌ಕೆವಿಡಿ ಮುಖ್ಯಸ್ಥ, ಪಕ್ಷದ ಕಾರ್ಯದರ್ಶಿ ಮತ್ತು ಸರ್ಕಾರಿ ಅಭಿಯೋಜಕ, ಸಾಮಾನ್ಯವಾಗಿ ಇವರೇ ಆ ಮೂವರು. ಆರೋಪಿಯನ್ನು ಅವರ ಮುಂದೆ ಕರೆತರುತ್ತಿರಲಿಲ್ಲ. ಕಡತದ ಸಾರಾಂಶ ಮೇಜಿನ ಮೇಲೆ ಬರುತ್ತಿತ್ತು. ಒಂದೇ ಬೈಠಕ್ಕಿನಲ್ಲಿ ನೂರಾರು ಹೆಸರುಗಳ ಮುಂದೆ ವರ್ಗ ನಮೂದಾಗುತ್ತಿತ್ತು. ಕೊಲ್ಲುವ ಜಾಗ ಮತ್ತು ಸಮಯವನ್ನು ಸಂಪೂರ್ಣ ಗುಟ್ಟಾಗಿಡಬೇಕೆಂದು ಆದೇಶವೇ ಹೇಳಿತ್ತು.

ಇನ್ನೊಂದು ಷರತ್ತು ಓದುಗರ ಗಮನಕ್ಕೆ ಬರಬೇಕು. ನಿಗದಿಯಾದ ಮಿತಿಯನ್ನು ಪ್ರಾಂತಗಳು ತಾವಾಗಿ ಮೀರುವಂತಿರಲಿಲ್ಲ, ಆದರೆ ಹೆಚ್ಚಿಸಿಕೊಡಿ ಎಂದು ಕೇಳಬಹುದಿತ್ತು. ಕೇಳಿದರು. ಆಗಸ್ಟ್ 13ರಂದು, ಅಂದರೆ ಕಾರ್ಯಾಚರಣೆ ಆರಂಭವಾಗಿ ಎಂಟೇ ದಿನಕ್ಕೆ, ಓಮ್ಸ್ಕ್‌ನ ಎನ್‌ಕೆವಿಡಿ ಮುಖ್ಯಸ್ಥ ಗೋರ್ಬಾಚ್ ಮಾಸ್ಕೋಗೆ ಒಂದು ತಂತಿ ಕಳಿಸಿದರು: ಮೊದಲನೆಯ ವರ್ಗದಲ್ಲಿ 5,444 ಮಂದಿಯನ್ನು ಬಂಧಿಸಲಾಗಿದೆ, ಮಿತಿಯನ್ನು 8,000ಕ್ಕೆ ಏರಿಸಬೇಕು. ಸಾವಿರ ಜನರನ್ನು ಕೊಲ್ಲಲು ಅನುಮತಿ ಪಡೆದಾತ ಅದರ ಐದು ಪಟ್ಟಿಗಿಂತ ಹೆಚ್ಚು ಜನರನ್ನು ಆಗಲೇ ಸೆರೆಗೆ ತಳ್ಳಿ, ಆಮೇಲೆ ಅನುಮತಿ ಕೇಳುತ್ತಿದ್ದಾನೆ. ಆ ತಂತಿಯ ಮೇಲೆ, ಮಿತಿಯನ್ನು ಎಂಟು ಸಾವಿರಕ್ಕೆ ಏರಿಸಲು ತನ್ನ ಒಪ್ಪಿಗೆಯಿದೆ ಎಂದು ಯೆಝೋವ್‌ಗೆ ಸೂಚಿಸಿ ಸ್ಟಾಲಿನ್ ಕೈಬರಹದಲ್ಲಿ ಸಹಿ ಹಾಕಿದ್ದಾರೆ. ಕೆಳಗಿನವರ ಅತ್ಯುತ್ಸಾಹವೇ ಇಷ್ಟೆಲ್ಲಕ್ಕೆ ಕಾರಣ, ಮೇಲಿನವರಿಗೆ ತಿಳಿದಿರಲಿಲ್ಲ ಎಂಬ ಸಮರ್ಥನೆಗೂ, ಎಲ್ಲವೂ ಒಬ್ಬನೇ ಮನುಷ್ಯನ ಕೆಲಸ, ಉಳಿದವರು ಗೊಂಬೆಗಳು ಎಂಬ ಸಮರ್ಥನೆಗೂ ಈ ಒಂದೇ ಹಾಳೆ ಉತ್ತರ ಕೊಡುತ್ತದೆ. ಕೇಳಿದವರೂ ಇದ್ದರು, ಕೊಟ್ಟವರೂ ಇದ್ದರು.

ಆಗಲೇ ಸೆರೆಯಲ್ಲಿದ್ದವರಿಗೂ ಮಿತಿ ನಿಗದಿಯಾಯಿತು. ಬಿಳಿ ಸಮುದ್ರದ ಸೊಲೊವ್ಕಿ ದ್ವೀಪದ ಸೆರೆಮನೆಗೆ ಗೊತ್ತುಮಾಡಿದ ಸಂಖ್ಯೆ 1,200. ತಮ್ಮ ಶಿಕ್ಷೆಯನ್ನು ಅನುಭವಿಸುತ್ತಿದ್ದ ಕೈದಿಗಳಿಂದಲೇ ಆಯ್ದು, ದೋಣಿಗಳಲ್ಲಿ ದಡಕ್ಕೆ ತಂದು, ಅಕ್ಟೋಬರ್ 27ರಿಂದ ನವೆಂಬರ್ 4ರ ನಡುವೆ ಕರೇಲಿಯದ ಸಂದರ್ಮೊಖ್ ಎಂಬ ಕಾಡಿನಲ್ಲಿ 1,111 ಮಂದಿಯನ್ನು ಕೊಲ್ಲಲಾಯಿತು. ಆ ಹೊಂಡಗಳು ಪತ್ತೆಯಾದದ್ದು 1997ರಲ್ಲಿ.

ನಾಲ್ಕು ತಿಂಗಳ ಕಾರ್ಯಾಚರಣೆ ಹದಿನೈದು ತಿಂಗಳು ನಡೆಯಿತು. ಈ ಒಂದು ಆದೇಶದ ಅಡಿಯಲ್ಲೇ ಕೊನೆಗೆ ಸುಮಾರು 7.67 ಲಕ್ಷ ಮಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಸುಮಾರು 3.87 ಲಕ್ಷ ಮಂದಿ ಕೊಲೆಯಾದರು. ಇದಕ್ಕೆ ಸಮಾನಾಂತರವಾಗಿ ಪೋಲರು, ಜರ್ಮನರು, ಲಾಟ್ವಿಯನ್ನರು, ಫಿನ್ನರು, ಗ್ರೀಕರು ಮೊದಲಾದ ಜನಾಂಗಗಳನ್ನು ಗುರಿಯಾಗಿಸಿದ ಕಾರ್ಯಾಚರಣೆಗಳು ನಡೆದವು. ಆಗಸ್ಟ್ 11ರ ಆದೇಶದಿಂದ ಆರಂಭವಾದ ಪೋಲಿಶ್ ಕಾರ್ಯಾಚರಣೆಯಲ್ಲಿ 1,39,835 ಮಂದಿಗೆ ಶಿಕ್ಷೆಯಾಗಿ, 1,11,091 ಮಂದಿ ಸತ್ತರು. ಇಲ್ಲಿ ಮಿತಿಯ ಕೋಷ್ಟಕ ಇರಲಿಲ್ಲ. ಪ್ರತಿ ಪ್ರಕರಣವನ್ನು ಕೆಲವೇ ಸಾಲುಗಳಿಗೆ ಇಳಿಸಿ, ಆ ಹಾಳೆಗಳನ್ನು ಆಲ್ಬಮ್‌ನಂತೆ ಹೊಲಿದು ಮಾಸ್ಕೋಗೆ ಕಳಿಸಬೇಕು. ಅಲ್ಲಿ ಯೆಝೋವ್ ಮತ್ತು ಮುಖ್ಯ ಅಭಿಯೋಜಕ ವಿಶಿನ್‌ಸ್ಕಿ ಇಡೀ ಕಟ್ಟಿಗೆ ಸಹಿ ಮಾಡಬೇಕು. ಆಲ್ಬಮ್‌ಗಳು ರಾಶಿ ಬಿದ್ದು 1938ರ ಬೇಸಿಗೆಯ ಹೊತ್ತಿಗೆ ಲಕ್ಷಕ್ಕೂ ಮಿಕ್ಕಿ ಪ್ರಕರಣಗಳು ಬಾಕಿಯಾದಾಗ, ಬಾಕಿ ತೀರಿಸಲೆಂದೇ ಸೆಪ್ಟೆಂಬರಿನಲ್ಲಿ ಪ್ರಾಂತಗಳಲ್ಲಿ ವಿಶೇಷ ತ್ರೋಯ್ಕಾಗಳನ್ನು ರಚಿಸಲಾಯಿತು. ಜನಾಂಗೀಯ ಕಾರ್ಯಾಚರಣೆಗಳಲ್ಲಿ ಒಟ್ಟು ಸತ್ತವರು ಸುಮಾರು 2.47 ಲಕ್ಷ. ಇದನ್ನು 00447ರ ಸಂಖ್ಯೆಗೆ ಕೂಡಿಸಿ ನೋಡಿದರೆ, ಆ ಎರಡು ವರ್ಷಗಳಲ್ಲಿ ಸತ್ತ ಪ್ರತಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಯಾವ ನ್ಯಾಯಾಲಯದ ಮುಖವನ್ನೂ ಕಾಣದೆ ಈ ಗುಪ್ತ ಕಾರ್ಯಾಚರಣೆಗಳಲ್ಲೇ ಸತ್ತರು ಎಂಬುದು ತಿಳಿಯುತ್ತದೆ.

ಹಾಗೆಂದು ಪಕ್ಷದ ಒಳಗಿನ ನಾಶ ಸಣ್ಣದೆಂದಲ್ಲ. 1934ರ 17ನೇ ಮಹಾಧಿವೇಶನದ 1,966 ಪ್ರತಿನಿಧಿಗಳಲ್ಲಿ 1,108 ಮಂದಿ ಬಂಧನಕ್ಕೊಳಗಾದರು. ಅಲ್ಲಿ ಆಯ್ಕೆಯಾದ ಕೇಂದ್ರ ಸಮಿತಿಯ 139 ಸದಸ್ಯರು ಹಾಗೂ ಅಭ್ಯರ್ಥಿ ಸದಸ್ಯರ ಪೈಕಿ 98 ಮಂದಿಯ ಕೊಲೆಯಾಯಿತು. ಐವರು ಮಾರ್ಷಲ್‌ಗಳಲ್ಲಿ ಮೂವರು ಉಳಿಯಲಿಲ್ಲ. ಈ ಮೇಲ್ಪದರದವರ ಪಟ್ಟಿಗಳು ಮೊದಲು ಸ್ಟಾಲಿನ್, ಪ್ರಧಾನಿ ಮೊಲೊತೊವ್ ಮುಂತಾದವರ ಮೇಜಿಗೆ ಹೋಗಿ ಅವರ ಸಹಿ ಪಡೆದು, ನಂತರ ಹೆಸರಿಗಷ್ಟೇ ನಡೆಯುವ ಸೇನಾ ನ್ಯಾಯಮಂಡಳಿಗೆ ಬರುತ್ತಿದ್ದವು. ಅಂಥ 383 ಪಟ್ಟಿಗಳು ಉಳಿದಿವೆ. ಅವುಗಳಲ್ಲಿ ಸುಮಾರು 44,000 ಹೆಸರುಗಳಿವೆ. ಅನುಮತಿ ಕೊಟ್ಟವರೂ ಬಲಿಯಾದವರೂ ಎಷ್ಟೋ ಸಲ ಒಬ್ಬರೇ ಆಗಿದ್ದರು ಎಂಬುದು ಇಲ್ಲಿ ನೆನಪಿರಬೇಕಾದ ಸಂಗತಿ. ಪಶ್ಚಿಮ ಸೈಬೀರಿಯದ ಪಕ್ಷದ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಐಖೆ, 00447ನೇ ಆದೇಶಕ್ಕೂ ಒಂದು ತಿಂಗಳ ಮೊದಲೇ ತಮ್ಮ ಪ್ರಾಂತಕ್ಕೆ ಮಂಜೂರಾದ ತ್ರೋಯ್ಕಾದಲ್ಲಿ ಕುಳಿತವರು. 1938ರ ಏಪ್ರಿಲಿನಲ್ಲಿ ಅವರನ್ನೇ ಬಂಧಿಸಿದರು. ಹಿಂದೆ ಮುರಿದ ಪಕ್ಕೆಲುಬು ಇನ್ನೂ ಕೂಡಿಲ್ಲವೆಂದು ತಿಳಿದೇ ತನಿಖಾಧಿಕಾರಿಗಳು ಆ ಜಾಗಕ್ಕೆ ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದರೆಂದು ಅವರು 1939ರ ಅಕ್ಟೋಬರಿನಲ್ಲಿ ಸ್ಟಾಲಿನ್‌ಗೆ ಪತ್ರ ಬರೆದರು. 1940ರ ಫೆಬ್ರುವರಿಯಲ್ಲಿ ಅವರ ಕೊಲೆಯಾಯಿತು. 1956ರ ಫೆಬ್ರುವರಿ 25ರ ಪ್ರಸಿದ್ಧ ಗುಪ್ತ ಭಾಷಣದಲ್ಲಿ, ಆ ಹೊತ್ತಿಗೆ ಪಕ್ಷದ ನಾಯಕರಾಗಿದ್ದ ಕ್ರುಶ್ಚೇವ್ ಈ ಪತ್ರವನ್ನು ಓದಿದಾಗ ಸಭೆ ತಲ್ಲಣಿಸಿತು. ಆದರೆ ಐಖೆ ಕುಳಿತಿದ್ದ ತ್ರೋಯ್ಕಾದ ಬಗ್ಗೆಯಾಗಲಿ, ಸ್ವತಃ ತಾವು ಕಳಿಸಿದ್ದ 41,305ರ ಲೆಕ್ಕದ ಬಗ್ಗೆಯಾಗಲಿ ಆ ಭಾಷಣದಲ್ಲಿ ಚಕಾರವಿಲ್ಲ. ಪ್ರಾಮಾಣಿಕ ಕಮ್ಯುನಿಸ್ಟರ ಮೇಲೆ ಒಬ್ಬ ನಾಯಕ ನಡೆಸಿದ ದೌರ್ಜನ್ಯ ಎಂಬ ಚಿತ್ರ ಅಲ್ಲಿಂದಲೇ ಜಗತ್ತಿಗೆ ಹರಡಿತು. ಕನ್ನಡದಲ್ಲಿ ಎಡ-ಬಲದ ಜಗಳಗಳಲ್ಲಿ ನಾವು ಇಂದಿಗೂ ಎಳೆದಾಡುತ್ತಿರುವುದು ಹೆಚ್ಚಾಗಿ ಆ ಅರ್ಧ ಚಿತ್ರವನ್ನೇ.

ಈ ಬಲೆಗೆ ಬಿದ್ದ ಹೊರದೇಶದವರಲ್ಲಿ ಭಾರತೀಯರೂ ಇದ್ದರು. ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯ ಯುರೋಪಿನಲ್ಲಿ ದಶಕಗಳ ಕಾಲ ಬ್ರಿಟಿಷರ ವಿರುದ್ಧ ಸಂಘಟನೆ ನಡೆಸಿ, ಮೂವತ್ತರ ದಶಕದ ಆರಂಭದಲ್ಲಿ ಜರ್ಮನಿಯಿಂದ ಸೋವಿಯತ್ ನೆಲಕ್ಕೆ ಬಂದವರು. ಅವರ ಇನ್ನೊಬ್ಬ ಸಹೋದರ ಹರೀಂದ್ರನಾಥರನ್ನು ಮದುವೆಯಾದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ವೀರೇಂದ್ರನಾಥರು ಲೆನಿನ್‌ಗ್ರಾದ್‌ನ ಜನಾಂಗಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. 1937ರ ಜುಲೈಯಲ್ಲಿ ಬಂಧನವಾಗಿ, ಸೆಪ್ಟೆಂಬರ್ 2ರಂದು ಅವರ ಕೊಲೆಯಾಯಿತು. ಭಾರತದ ಕಮ್ಯುನಿಸ್ಟ್ ಪಕ್ಷವನ್ನು 1920ರಲ್ಲಿ ತಾಷ್ಕೆಂಟಿನಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಅಬನಿ ಮುಖರ್ಜಿಯವರ ಪ್ರಾಣವೂ ಅದೇ ವರ್ಷ ಹೋಯಿತು.

ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸ್ಪೇನಿನ ಅಂತರ್ಯುದ್ಧವನ್ನು ನೋಡುತ್ತಿದ್ದ ಸ್ಟಾಲಿನ್‌ಗೆ, ಯುದ್ಧ ಬಂದಾಗ ಬೆನ್ನಿಗೆ ಇರಿಯುವವರು ದೇಶದೊಳಗೇ ಇರಬಹುದೆಂಬ ಭಯವಿತ್ತು ಎಂಬುದು ಒಂದು ವಿವರಣೆ. ಗಡಿಯಾಚೆ ಬಂಧುಗಳಿರುವ ಜನಾಂಗಗಳ ಮೇಲೆ ನಡೆದ ಕಾರ್ಯಾಚರಣೆಗಳಿಗೆ ಇದು ಹೊಂದುತ್ತದೆ. ಇನ್ನೊಂದು ವಿವರಣೆ ಚುನಾವಣೆಯದು. 1936ರ ಡಿಸೆಂಬರಿನ ಹೊಸ ಸಂವಿಧಾನ ಹಿಂದಿನ ಕುಲಾಕರಿಗೂ ಪಾದ್ರಿಗಳಿಗೂ ಮತದ ಹಕ್ಕು ಕೊಟ್ಟು, ಗುಪ್ತ ಮತದಾನವನ್ನು ತಂದಿತ್ತು. 1937ರ ಜನವರಿಯ ಜನಗಣತಿಯಲ್ಲಿ ವಯಸ್ಕರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ದೈವಭಕ್ತರೆಂದು ಬರೆಸಿದ್ದರು. ಹಿಂದಿನ ಬರಗಾಲದಲ್ಲಿ ಸತ್ತವರಿಂದ ಉಂಟಾದ ಜನಸಂಖ್ಯೆಯ ಕೊರತೆಯೂ ಅದರಲ್ಲಿ ಎದ್ದು ಕಾಣುತ್ತಿತ್ತು. ಆ ಗಣತಿಯನ್ನೇ ರದ್ದುಮಾಡಿ ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಲಾಯಿತು. ಇಂಥ ಜನ ಮತಗಟ್ಟೆಗೆ ಬರುವ ಮೊದಲೇ ಹಳ್ಳಿಗಳನ್ನು 'ಸ್ವಚ್ಛ'ಗೊಳಿಸಬೇಕೆಂದು ಪ್ರಾಂತಗಳ ಪಕ್ಷದ ಮುಖ್ಯಸ್ಥರು ಒತ್ತಡ ತಂದರು ಎಂಬ ವಾದಕ್ಕೆ ಸಾಕಷ್ಟು ಆಧಾರಗಳಿವೆ. ನನ್ನ ದೃಷ್ಟಿಯಲ್ಲಿ ಈ ಎರಡು ವಿವರಣೆಗಳು ಒಂದನ್ನೊಂದು ತಳ್ಳಿಹಾಕುವುದಿಲ್ಲ. ಎರಡಕ್ಕೂ ಹಿನ್ನೆಲೆಯಾಗಿ ನಿಂತದ್ದು, ಮನುಷ್ಯನನ್ನು ಅವನು ಮಾಡಿದ ಕೆಲಸದಿಂದ ಅಳೆಯದೆ ಅವನು ಹುಟ್ಟಿದ ವರ್ಗದಿಂದ ಅಳೆಯುವ ಸಿದ್ಧಾಂತ. ವ್ಯಕ್ತಿಯ ತಪ್ಪನ್ನು ಸಾಬೀತುಪಡಿಸಬೇಕಾದ ಕಡೆ ಕೋಷ್ಟಕದಲ್ಲಿ ಸಂಖ್ಯೆ ಹಾಕಲಾಗದು. ತಪ್ಪು ವರ್ಗಕ್ಕೆ ಸೇರಿದ್ದು ಎಂದಾದಾಗ, ವರ್ಗದ ಗಾತ್ರ ತಿಳಿದರೆ ಸಾಕು.

1938ರ ನವೆಂಬರ್ 17ರ ನಿರ್ಣಯದಿಂದ ತ್ರೋಯ್ಕಾಗಳು ರದ್ದಾದವು. ಎನ್‌ಕೆವಿಡಿಯೊಳಗೆ ನುಸುಳಿದ್ದ ಶತ್ರುಗಳೇ ಕಾನೂನನ್ನು ಕೆಡಿಸಿದರೆಂದು ಆ ನಿರ್ಣಯ ದೂರಿತು. ಯೆಝೋವ್ ಸ್ಥಾನಕ್ಕೆ ಬೆರಿಯಾ ಬಂದರು; ಯೆಝೋವ್ ಮರುವರ್ಷ ಬಂಧನವಾಗಿ 1940ರ ಫೆಬ್ರುವರಿ 4ರಂದು ಕೊಲೆಯಾದರು. ಸತ್ತವರ ಮನೆಯವರಿಗೆ ಮಾತ್ರ ಏನನ್ನೂ ಹೇಳಲಿಲ್ಲ. ವಿಚಾರಿಸಲು ಬಂದವರಿಗೆ, ನಿಮ್ಮವರಿಗೆ ಹತ್ತು ವರ್ಷ ಶಿಕ್ಷೆಯಾಗಿದೆ, ಪತ್ರ ಬರೆಯುವ ಹಕ್ಕಿಲ್ಲ ಎಂಬ ಉತ್ತರ ಸಿಗುತ್ತಿತ್ತು. ಹತ್ತು ವರ್ಷ ಕಳೆದ ಮೇಲೂ ಯಾರೂ ಮರಳದೆ, ಸ್ಟಾಲಿನ್ ಸತ್ತ ನಂತರ ಅರ್ಜಿಗಳು ಹೆಚ್ಚಾದಾಗ, 1955ರ ಆಗಸ್ಟಿನಲ್ಲಿ ಭದ್ರತಾ ಇಲಾಖೆಯ ಮುಂದಿನ ರೂಪವಾದ ಕೆಜಿಬಿ ಹೊಸ ಸೂಚನೆ ಹೊರಡಿಸಿತು: ಬಂಧನವಾದ ದಿನದಿಂದ ಹತ್ತು ವರ್ಷದೊಳಗಿನ ಯಾವುದಾದರೊಂದು ತಾರೀಖನ್ನೂ ಹೃದ್ರೋಗ, ನ್ಯುಮೋನಿಯದಂಥ ಯಾವುದಾದರೊಂದು ಕಾಯಿಲೆಯನ್ನೂ ನಮೂದಿಸಿ ಮರಣ ಪ್ರಮಾಣಪತ್ರ ಕೊಡಬೇಕು. 1963ರಿಂದ ಸತ್ತ ನಿಜವಾದ ತಾರೀಖನ್ನು ಕೊಡಲು ಅನುಮತಿ ಸಿಕ್ಕಿತು, ಕಾರಣದ ಜಾಗವನ್ನು ಖಾಲಿ ಬಿಡುತ್ತಿದ್ದರು. ಗುಂಡಿಕ್ಕಿ ಕೊಲ್ಲಲಾಯಿತು ಎಂದು ಬರೆದುಕೊಡಲು ಆರಂಭಿಸಿದ್ದು 1989ರಲ್ಲಿ. ಅಷ್ಟರಲ್ಲಿ ಸತ್ತವರ ಹೆಂಡತಿ ಅಥವಾ ಗಂಡಂದಿರಲ್ಲಿ ಹೆಚ್ಚಿನವರು ತೀರಿಹೋಗಿದ್ದರು, ಅರ್ಜಿ ಹಾಕಿ ಎರಡನೆಯ ಪ್ರಮಾಣಪತ್ರ ಪಡೆದವರು ಬಹುಮಟ್ಟಿಗೆ ಮಕ್ಕಳು, ಮೊಮ್ಮಕ್ಕಳು.